ತಟ್ಟುವ ಬೆರಳು, ಆಲಿಸುವ ಕಿವಿ: ರೋಗಿಯ ಪರೀಕ್ಷೆಯನ್ನು ಕಲಿಸಿದವರ ಕತೆ

ಹಲಸಿನ ಹಣ್ಣು ಬಲಿತಿದೆಯೇ ಎಂದು ತಿಳಿಯಲು ಮಲೆನಾಡಿನವರು ಅದನ್ನು ಬೆರಳಿನಿಂದ ತಟ್ಟಿ ನೋಡುತ್ತಾರೆ. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳ ಗೆಣ್ಣಿನಿಂದ ಒಮ್ಮೆ ಕುಟ್ಟಿ ಕಿವಿಗೊಡುತ್ತಾರೆ. ಕಣ್ಣಿಗೆ ಕಾಣದ ಬಿರುಕಿದ್ದರೂ ಸದ್ದು ಬದಲಾಗಿರುತ್ತದೆ. ಒಡೆದು ನೋಡದೆ ಒಳಗಿನ ಸ್ಥಿತಿಯನ್ನು ತಿಳಿಯುವ ಉಪಾಯ ಇದು. ವೈದ್ಯರೂ ಇದನ್ನೇ ಮಾಡುತ್ತಾರೆ. ಎಡಗೈಯ ನಡುಬೆರಳನ್ನು ರೋಗಿಯ ಎದೆಯ ಮೇಲೆ ಒತ್ತಿಟ್ಟು, ಬಲಗೈಯ ನಡುಬೆರಳಿನಿಂದ ಅದರ ಮೇಲೆ ತಟ್ಟಿ, ಹೊರಡುವ ಸದ್ದನ್ನು ಗಮನಿಸುವುದನ್ನು ನೀವು ನೋಡಿರಬಹುದು.

ಈ ಉಪಾಯ ವೈದ್ಯರ ಕೈಗೆ ಹೇಗೆ ಬಂತು? ಒಬ್ಬರಿಂದ ಒಬ್ಬರಿಗೆ ಹೇಗೆ ದಾಟಿತು? ಇದರಲ್ಲಿ ಕಂಡುಹಿಡಿದವರ ಕತೆ ಸಣ್ಣದು, ಕಲಿಸಿದವರ ಕತೆ ದೊಡ್ಡದು. ಭೌತವಿಜ್ಞಾನ ಕಲಿಸುವವನಿಗೆ ಇಲ್ಲೇನು ಕೆಲಸ ಎಂದು ನೀವು ಕೇಳಬಹುದು. ರೋಗಿಯ ದೇಹ ಪರೀಕ್ಷೆ ಒಂದು ಬಗೆಯ ಅಳತೆ. ಇಲ್ಲಿ ಅಳೆಯುವ ಉಪಕರಣ ವೈದ್ಯರ ಕಣ್ಣು, ಕೈ ಮತ್ತು ಕಿವಿ. ಯಾವ ಉಪಕರಣವನ್ನೇ ಆಗಲಿ, ತಿಳಿದ ಅಳತೆಯೊಂದರ ಜೊತೆ ಹೋಲಿಸಿ ಸರಿಪಡಿಸಿಕೊಳ್ಳದೆ ನಂಬುವಂತಿಲ್ಲ. ಪ್ರಯೋಗಶಾಲೆಯಲ್ಲಿ ಇದನ್ನು ಅಂಶಾಂಕನ ಎನ್ನುತ್ತೇವೆ. ಮನುಷ್ಯನ ಬೆರಳು ಮತ್ತು ಕಿವಿಗಳಿಗೆ ಅಂಶಾಂಕನ ಮಾಡುವ ಬಗೆ ಯಾವುದು? ವೈದ್ಯಕೀಯ ಶಿಕ್ಷಣ ಕಳೆದ 260 ವರ್ಷಗಳಿಂದ ಉತ್ತರ ಹುಡುಕುತ್ತಿರುವುದು ಈ ಪ್ರಶ್ನೆಗೆ.

ನಾಲ್ಕು ಹಂತಗಳು

ವೈದ್ಯ ವಿದ್ಯಾರ್ಥಿ ಮೊದಲು ಕಲಿಯುವುದು ನಾಲ್ಕು ಹಂತಗಳನ್ನು: ನೋಡುವುದು, ಮುಟ್ಟುವುದು, ತಟ್ಟುವುದು, ಆಲಿಸುವುದು. ಕ್ರಮವೂ ಸಾಮಾನ್ಯವಾಗಿ ಇದೇ. ಇವುಗಳಲ್ಲಿ ನೋಡುವುದು ಮತ್ತು ಮುಟ್ಟುವುದು ಬಹಳ ಹಳೆಯವು. ಗ್ರೀಕ್ ವೈದ್ಯರೂ ನಮ್ಮ ಆಯುರ್ವೇದದ ವೈದ್ಯರೂ ಅವನ್ನು ಬಳಸಿದವರೇ. ತಟ್ಟುವುದು ಮತ್ತು ಉಪಕರಣದ ಮೂಲಕ ಆಲಿಸುವುದು ಕ್ರಮಬದ್ಧ ವಿಧಾನಗಳಾಗಿ ಬಂದದ್ದು ಮಾತ್ರ 18 ಮತ್ತು 19ನೆಯ ಶತಮಾನಗಳಲ್ಲಿ.

ಅದಕ್ಕೆ ಮುಂಚೆ ಯೂರೋಪಿನ ವಿಶ್ವವಿದ್ಯಾಲಯಗಳಲ್ಲಿ ವೈದ್ಯಶಾಸ್ತ್ರವೆಂದರೆ ಬಹುಮಟ್ಟಿಗೆ ಗ್ರಂಥ ಪಾಠ. ಪ್ರಾಧ್ಯಾಪಕರು ಲ್ಯಾಟಿನ್‌ನಲ್ಲಿ ಓದುತ್ತಿದ್ದರು, ವಿದ್ಯಾರ್ಥಿಗಳು ಬರೆದುಕೊಳ್ಳುತ್ತಿದ್ದರು. ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ಪಾಠ ಮಾಡುವ ಪದ್ಧತಿ 16ನೆಯ ಶತಮಾನದಲ್ಲಿ ಇಟಲಿಯ ಪಡುವಾದಲ್ಲಿ ಕಾಣಿಸಿಕೊಂಡಿತು. ಅದನ್ನು ಪ್ರಸಿದ್ಧಗೊಳಿಸಿದವರು ಹಾಲೆಂಡಿನ ಲೈಡನ್ ನಗರದ ಹರ್ಮಾನ್ ಬೋರ್‌ಹಾವ. ಅವರು ಪಾಠಕ್ಕೆ ಬಳಸಿದ ವಾರ್ಡಿನಲ್ಲಿ ಇದ್ದದ್ದು ಹನ್ನೆರಡೇ ಹಾಸಿಗೆ: ಆರು ಗಂಡಸರಿಗೆ, ಆರು ಹೆಂಗಸರಿಗೆ. ಆ ಹನ್ನೆರಡು ಹಾಸಿಗೆಗಳ ಬಳಿ ಕಲಿಯಲು ಯೂರೋಪಿನ ನಾನಾ ಕಡೆಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ಶಿಷ್ಯ ವಾನ್ ಸ್ವೀಟೆನ್ 1745ರಲ್ಲಿ ವಿಯೆನ್ನಾಕ್ಕೆ ಬಂದು ಅಲ್ಲಿನ ವೈದ್ಯ ಶಿಕ್ಷಣವನ್ನು ಸುಧಾರಿಸಿದರು. 1754ರಲ್ಲಿ ಲೈಡನ್ ಮಾದರಿಯ ವಾರ್ಡೊಂದು ವಿಯೆನ್ನಾದಲ್ಲೂ ಶುರುವಾಯಿತು.

ಆದರೆ ಈ ವಾರ್ಡುಗಳಲ್ಲಿ ವಿದ್ಯಾರ್ಥಿಗಳು ಮುಖ್ಯವಾಗಿ ನೋಡುತ್ತಿದ್ದರು, ಕೇಳುತ್ತಿದ್ದರು. ರೋಗಿಯ ಎದೆಗೂಡಿನ ಒಳಗೆ ಏನು ನಡೆದಿದೆ ಎಂಬುದು ರೋಗಿ ಸತ್ತ ಮೇಲೆ, ಶವವನ್ನು ಕೊಯ್ದು ನೋಡಿದಾಗ ಮಾತ್ರ ತಿಳಿಯುತ್ತಿತ್ತು.

ಔಯೆನ್‌ಬ್ರುಗರ್ ತಟ್ಟಿ ನೋಡಿದರು

ವಿಯೆನ್ನಾದ ಸ್ಪ್ಯಾನಿಷ್ ಆಸ್ಪತ್ರೆಯಲ್ಲಿ ಲಿಯೋಪೋಲ್ಡ್ ಔಯೆನ್‌ಬ್ರುಗರ್ ಎಂಬ ವೈದ್ಯರಿದ್ದರು. ಅವರು ಹುಟ್ಟಿದ್ದು 1722ರಲ್ಲಿ, ಆಸ್ಟ್ರಿಯಾದ ಗ್ರಾತ್ಸ್ ಊರಿನಲ್ಲಿ. ತಂದೆ ವಸತಿಗೃಹ ನಡೆಸುತ್ತಿದ್ದರು. ಮದ್ಯದ ಪೀಪಾಯಿಗಳನ್ನು ತಟ್ಟಿ ಎಷ್ಟು ತುಂಬಿದೆ ಎಂದು ತಿಳಿಯುವುದನ್ನು ಅವರು ಬಾಲ್ಯದಲ್ಲೇ ಕಂಡಿದ್ದರೆಂದು ಹೇಳುವುದುಂಟು. ಅವರು ಸಂಗೀತವನ್ನೂ ಬಲ್ಲವರು. ಮುಂದೆ 1781ರಲ್ಲಿ ಸಾಲಿಯೇರಿ ಎಂಬ ಸಂಗೀತಕಾರರ ಗೀತನಾಟಕವೊಂದಕ್ಕೆ ಸಾಹಿತ್ಯ ಬರೆದುಕೊಟ್ಟರು.

ಏಳು ವರ್ಷ ರೋಗಿಗಳ ಎದೆಯನ್ನು ತಟ್ಟಿ ನೋಡಿ, ಆ ಅನುಭವವನ್ನು 1761ರಲ್ಲಿ ಅವರು ನೂರು ಪುಟಕ್ಕಿಂತ ಚಿಕ್ಕದಾದ ಲ್ಯಾಟಿನ್ ಪುಸ್ತಕವಾಗಿ ಪ್ರಕಟಿಸಿದರು. ಆರೋಗ್ಯವಂತರ ಎದೆಯ ಸದ್ದನ್ನು ಅವರು ದಪ್ಪ ಉಣ್ಣೆ ಬಟ್ಟೆ ಹೊದಿಸಿದ ಡೋಲಿನ ಸದ್ದಿಗೆ ಹೋಲಿಸಿದರು. ಒಳಗೆ ನೀರು ತುಂಬಿದ್ದರೆ ಅಥವಾ ಶ್ವಾಸಕೋಶ ಗಟ್ಟಿಯಾಗಿದ್ದರೆ ಸದ್ದು ತೊಡೆಯನ್ನು ತಟ್ಟಿದಂತೆ ಮಂದವಾಗುತ್ತದೆ ಎಂದರು. ಈ ಹೋಲಿಕೆಗಳನ್ನು ಗಮನಿಸಿ. ಡೋಲು ಒಂದು ತುದಿ, ತೊಡೆ ಇನ್ನೊಂದು ತುದಿ. ಅಳತೆಪಟ್ಟಿಯ ಎರಡು ತುದಿಗಳನ್ನು ಅವರು ಗುರುತು ಮಾಡಿಟ್ಟಿದ್ದರು, ಅದೂ ಎಲ್ಲರಿಗೂ ಸಿಗುವ ವಸ್ತುಗಳಿಂದ.

ಅಷ್ಟಕ್ಕೇ ಅವರು ನಿಲ್ಲಲಿಲ್ಲ. ಶವವೊಂದರ ಎದೆಗೂಡಿಗೆ ನೀರು ತುಂಬಿಸಿ, ಹೊರಗಿನಿಂದ ತಟ್ಟಿದಾಗ ಸದ್ದು ಮಂದವಾಗುವ ಎತ್ತರಕ್ಕೂ ಒಳಗಿನ ನೀರಿನ ಮಟ್ಟಕ್ಕೂ ಹೊಂದಾಣಿಕೆ ಇದೆಯೇ ಎಂದು ನೋಡಿದರು. ತಿಳಿದ ಪ್ರಮಾಣದೊಂದಿಗೆ ಹೋಲಿಸುವ ಅಂಶಾಂಕನವೆಂದರೆ ಇದೇ.

ಪುಸ್ತಕವಿತ್ತು, ಕಲಿಸುವವರಿರಲಿಲ್ಲ

ಇಷ್ಟು ಒಳ್ಳೆಯ ಕೆಲಸಕ್ಕೆ ಏನಾಯಿತು? ಹೆಚ್ಚೇನೂ ಆಗಲಿಲ್ಲ. ವಿಯೆನ್ನಾದ ದೊಡ್ಡ ಪ್ರಾಧ್ಯಾಪಕರು ಅದರತ್ತ ಗಮನ ಕೊಡಲಿಲ್ಲ. ಔಯೆನ್‌ಬ್ರುಗರ್ ಆಸ್ಪತ್ರೆಯ ವೈದ್ಯರಾಗಿದ್ದರೇ ಹೊರತು ಪ್ರಾಧ್ಯಾಪಕ ಪೀಠ ಅವರಿಗೆ ಇರಲಿಲ್ಲ. ಅವರ ಬೆರಳನ್ನು ನೋಡಿ ಕಲಿಯುವ ವಿದ್ಯಾರ್ಥಿಗಳ ಸಾಲು ಇರಲಿಲ್ಲ. ಪುಸ್ತಕ ಓದಿದವರು ತಮ್ಮಷ್ಟಕ್ಕೆ ತಟ್ಟಿ ನೋಡಿ, ಏನೂ ವ್ಯತ್ಯಾಸ ಕೇಳಿಸದೆ ಕೈಬಿಟ್ಟಿರಲು ಸಾಕು. ಮೃದಂಗವನ್ನು ಪುಸ್ತಕ ಓದಿ ಕಲಿಯುವುದು ಸಾಧ್ಯವೇ?

ವಿಯೆನ್ನಾದಲ್ಲಿ ಇದನ್ನು ಕೈಗೆತ್ತಿಕೊಂಡ ಒಬ್ಬ ಅಧ್ಯಾಪಕರೆಂದರೆ ಮ್ಯಾಕ್ಸಿಮಿಲಿಯನ್ ಸ್ಟೋಲ್. 1776ರಿಂದ ಅವರು ತಮ್ಮ ವಾರ್ಡಿನಲ್ಲಿ ತಟ್ಟು ಪರೀಕ್ಷೆಯನ್ನು ಬಳಸಿದರು. 1787ರಲ್ಲಿ ಸ್ಟೋಲ್ ತೀರಿಕೊಂಡರು. ಅವರೊಂದಿಗೆ ಆ ಪದ್ಧತಿಯೂ ವಿಯೆನ್ನಾದಿಂದ ಬಹುತೇಕ ಮರೆಯಾಯಿತು.

ಅದು ಮತ್ತೆ ಚಿಗುರಿದ್ದು ಪ್ಯಾರಿಸ್ಸಿನಲ್ಲಿ. ಫ್ರಾನ್ಸಿನ ಕ್ರಾಂತಿ ಹಳೆಯ ವೈದ್ಯ ವಿದ್ಯಾಲಯಗಳನ್ನು ಮುಚ್ಚಿಸಿತ್ತು. ಯುದ್ಧದಲ್ಲಿ ತೊಡಗಿದ್ದ ದೇಶಕ್ಕೆ ವೈದ್ಯರು ಬೇಕಿತ್ತು. 1794ರ ಡಿಸೆಂಬರ್‌ನಲ್ಲಿ ಪ್ಯಾರಿಸ್, ಮೊಂಪೆಲಿಯೆ ಮತ್ತು ಸ್ಟ್ರಾಸ್‌ಬೂರ್ಗ್ ನಗರಗಳಲ್ಲಿ ಮೂರು ಹೊಸ ಶಾಲೆಗಳು ಸ್ಥಾಪನೆಯಾದವು. ಅವುಗಳ ಯೋಜನೆಯನ್ನು ಮಂಡಿಸಿದವರು ವೈದ್ಯರೂ ಹೆಸರಾಂತ ರಸಾಯನವಿಜ್ಞಾನಿಯೂ ಆಗಿದ್ದ ಫೂರ್ಕ್ರುವಾ. ಓದು ಕಡಿಮೆಯಿರಲಿ, ನೋಡುವುದು ಮತ್ತು ಮಾಡುವುದು ಹೆಚ್ಚಿರಲಿ ಎಂಬುದು ಆ ಯೋಜನೆಯ ಸಾರ. ರಸಾಯನವಿಜ್ಞಾನದ ಪ್ರಯೋಗಶಾಲೆಗೆ ಒಪ್ಪುವ ತತ್ತ್ವವನ್ನು ಅವರು ಆಸ್ಪತ್ರೆಗೂ ತಂದರು.

ಹೊಸ ಶಾಲೆಯ ಪ್ರಾಧ್ಯಾಪಕರಲ್ಲಿ ಒಬ್ಬರು ಝಾಂ ನಿಕೊಲಾ ಕೊರ್ವಿಸಾರ್. ಮುಂದೆ ನೆಪೋಲಿಯನ್ನನ ಖಾಸಗಿ ವೈದ್ಯರಾದವರು ಇವರೇ. ಸ್ಟೋಲ್ ಅವರ ಬರಹದಿಂದ ತಟ್ಟು ಪರೀಕ್ಷೆಯ ಸುಳಿವು ಹಿಡಿದು, ಅದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ, ಶಾರಿತೆ ಆಸ್ಪತ್ರೆಯ ವಾರ್ಡಿನಲ್ಲಿ ವಿದ್ಯಾರ್ಥಿಗಳಿಗೆ ಕಲಿಸಿದರು. ರೋಗಿ ತೀರಿಕೊಂಡರೆ ಶವಪರೀಕ್ಷೆ ನಡೆಸಿ ತಮ್ಮ ಊಹೆ ಸರಿಯೋ ತಪ್ಪೋ ಎಂದು ಎಲ್ಲರೆದುರು ತಾಳೆ ನೋಡುತ್ತಿದ್ದರು. 1808ರಲ್ಲಿ ಔಯೆನ್‌ಬ್ರುಗರ್ ಅವರ ಪುಸ್ತಕವನ್ನು ತಮ್ಮ ವಿಸ್ತಾರವಾದ ಟಿಪ್ಪಣಿಗಳೊಂದಿಗೆ ಫ್ರೆಂಚ್ ಭಾಷೆಗೆ ತಂದರು. ಸ್ವಂತ ಪುಸ್ತಕ ಬರೆದು ಕೀರ್ತಿ ಪಡೆಯುವ ಅವಕಾಶ ಅವರಿಗಿತ್ತು. ಮರೆತುಹೋದ ಹೆಸರನ್ನು ಎತ್ತಿಹಿಡಿಯುವುದೇ ಮೇಲು ಎಂದು ಅವರು ಬಗೆದರು. ಔಯೆನ್‌ಬ್ರುಗರ್ ತೀರಿಕೊಂಡದ್ದು ಮರುವರ್ಷ, 1809ರಲ್ಲಿ.

1761ರಿಂದ 1808ಕ್ಕೆ 47 ವರ್ಷ. ಈ ಅವಧಿಯಲ್ಲಿ ಮೂಲ ಪುಸ್ತಕದ ಒಂದಕ್ಷರವೂ ಬದಲಾಗಿರಲಿಲ್ಲ. ಅದನ್ನು ಕೈಯಿಂದ ಕೈಗೆ ದಾಟಿಸುವ ಶಾಲೆ ಹುಟ್ಟಿತ್ತು, ಅಷ್ಟೆ.

ಸುರುಳಿ ಸುತ್ತಿದ ಕಾಗದ

ಕೊರ್ವಿಸಾರ್ ಅವರ ಶಿಷ್ಯರಲ್ಲಿ ರೆನೆ ಲೆನೆಕ್ ಒಬ್ಬರು. 1816ರಲ್ಲಿ ಅವರು ಪ್ಯಾರಿಸ್ಸಿನ ನೆಕೆರ್ ಆಸ್ಪತ್ರೆಯಲ್ಲಿ ವೈದ್ಯರಾಗಿದ್ದರು. ಹೃದಯದ ತೊಂದರೆಯಿದ್ದ ಯುವತಿಯೊಬ್ಬಳನ್ನು ಪರೀಕ್ಷಿಸಬೇಕಾಗಿ ಬಂತು. ಮೈ ದಪ್ಪವಿದ್ದುದರಿಂದ ತಟ್ಟಿ ತಿಳಿಯುವುದು ಕಷ್ಟ. ಎದೆಗೆ ಕಿವಿಯಿಟ್ಟು ಕೇಳುವುದು ಸಭ್ಯತೆಯಲ್ಲ. ಮರದ ತೊಲೆಯ ಒಂದು ತುದಿಯನ್ನು ಗುಂಡುಸೂಜಿಯಿಂದ ಗೀರಿದರೆ ಇನ್ನೊಂದು ತುದಿಗೆ ಕಿವಿಯಿಟ್ಟವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ ಎಂಬ ಸಂಗತಿ ಆಗ ಅವರಿಗೆ ನೆನಪಾಯಿತು. ಒಂದು ದಸ್ತು ಕಾಗದವನ್ನು ಬಿಗಿಯಾಗಿ ಸುರುಳಿ ಸುತ್ತಿ ಒಂದು ತುದಿಯನ್ನು ಎದೆಯ ಮೇಲಿಟ್ಟು ಇನ್ನೊಂದಕ್ಕೆ ಕಿವಿಗೊಟ್ಟರು. ನೇರವಾಗಿ ಕಿವಿಯಿಟ್ಟಾಗ ಕೇಳುತ್ತಿದ್ದುದಕ್ಕಿಂತ ಸ್ಪಷ್ಟವಾಗಿ ಹೃದಯದ ಬಡಿತ ಕೇಳಿಸಿತು.

ಕೊಳಲು ನುಡಿಸಬಲ್ಲ ಲೆನೆಕ್ ಕಾಗದದ ಸುರುಳಿಯ ಬದಲು ಸುಮಾರು ಒಂದು ಅಡಿ ಉದ್ದದ ಮರದ ಕೊಳವೆಯನ್ನು ತಾವೇ ಕಡೆದು ಮಾಡಿಕೊಂಡರು. ಮೂರು ವರ್ಷ ಕೇಳಿದ ಸದ್ದುಗಳನ್ನೂ ಶವಪರೀಕ್ಷೆಯಲ್ಲಿ ಕಂಡದ್ದನ್ನೂ ಜೋಡಿಸಿ 1819ರಲ್ಲಿ ಎರಡು ಸಂಪುಟಗಳ ಪುಸ್ತಕ ಬರೆದರು. ಪುಸ್ತಕದ ಜೊತೆಗೆ ಸ್ಟೆತಾಸ್ಕೋಪ್ ಕೂಡ ಮಾರಾಟಕ್ಕಿತ್ತು. ಇಂಗ್ಲೆಂಡಿನ ಜಾನ್ ಫೋರ್ಬ್ಸ್ 1821ರಲ್ಲಿ ಇದನ್ನು ಇಂಗ್ಲಿಷಿಗೆ ಅನುವಾದಿಸಿದರು. ಸ್ವಾರಸ್ಯವೆಂದರೆ, ಈ ವಿಧಾನ ಎಲ್ಲ ವೈದ್ಯರಲ್ಲೂ ಬಳಕೆಗೆ ಬರುವುದೆಂಬ ನಂಬಿಕೆ ಸ್ವತಃ ಅನುವಾದಕರಿಗೇ ಇರಲಿಲ್ಲ. ಅದಕ್ಕೆ ಬಹಳ ಸಮಯ ಬೇಕು, ರೋಗಿಗೂ ವೈದ್ಯರಿಗೂ ತೊಂದರೆ ಎಂಬುದು ಅವರ ಅಳುಕು. ಅವರು ಊಹಿಸಿದ ಕಷ್ಟ ನಿಜವಾಗಿತ್ತು, ಫಲ ಮಾತ್ರ ಬೇರೆಯಾಯಿತು. ನೆಕೆರ್ ಆಸ್ಪತ್ರೆಯ ವಾರ್ಡಿನಲ್ಲಿ ಲೆನೆಕ್ ಪಕ್ಕ ನಿಂತು, ಒಂದೇ ಎದೆಗೆ ಸರದಿಯಂತೆ ಕೊಳವೆಯಿಟ್ಟು ಕೇಳಿ ಕಲಿತ ವಿದೇಶಿ ವಿದ್ಯಾರ್ಥಿಗಳು ಅದನ್ನು ತಮ್ಮ ತಮ್ಮ ದೇಶಗಳಿಗೆ ಒಯ್ದರು.

ಸ್ಕೋಡಾ ತಂದ ಭೌತವಿಜ್ಞಾನ

ಲೆನೆಕ್ ಒಂದೊಂದು ರೋಗಕ್ಕೆ ಒಂದೊಂದು ವಿಶಿಷ್ಟ ಸದ್ದನ್ನು ಗುರುತಿಸಲು ಯತ್ನಿಸಿದರು. ವಿದ್ಯಾರ್ಥಿಗಳು ಕಲಿಯಬೇಕಾದ ಸದ್ದುಗಳ ಪಟ್ಟಿ ಬೆಳೆಯುತ್ತ ಹೋಯಿತು. ಈ ಗೊಂದಲವನ್ನು ಬಿಡಿಸಿದವರು ವಿಯೆನ್ನಾದ ಯೋಸೆಫ್ ಸ್ಕೋಡಾ. ಇವರು ಬೊಹೀಮಿಯಾದ ಪಿಲ್ಸೆನ್ ಊರಿನಲ್ಲಿ ಬೀಗ ಮಾಡುವವರೊಬ್ಬರ ಮಗನಾಗಿ 1805ರಲ್ಲಿ ಹುಟ್ಟಿದರು. ಸ್ಕೋಡಾ ಎಂಬ ಹೆಸರಿನ ಯಂತ್ರೋದ್ಯಮವನ್ನು ಕಟ್ಟಿದ ಎಮಿಲ್ ಸ್ಕೋಡಾ ಇವರ ಸಹೋದರನ ಮಗ.

1839ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಸ್ಕೋಡಾ ಹೇಳಿದ ಮುಖ್ಯ ಮಾತು ಭೌತವಿಜ್ಞಾನದ ವಿದ್ಯಾರ್ಥಿಗೆ ಸಹಜವೆನಿಸುತ್ತದೆ. ಸದ್ದು ರೋಗದ ಹೆಸರನ್ನು ಹೇಳುವುದಿಲ್ಲ. ಒಳಗೆ ಗಾಳಿ ಇದೆಯೇ, ದ್ರವ ಇದೆಯೇ, ಘನ ಇದೆಯೇ, ಗೋಡೆ ಎಷ್ಟು ಬಿಗಿಯಾಗಿದೆ ಎಂಬ ಭೌತಿಕ ಸ್ಥಿತಿಯನ್ನಷ್ಟೇ ಹೇಳುತ್ತದೆ. ಭೌತಿಕ ಸ್ಥಿತಿ ಒಂದೇ ಆಗಿದ್ದರೆ ರೋಗ ಬೇರೆಯಾದರೂ ಸದ್ದು ಒಂದೇ. ಆ ಸ್ಥಿತಿಗೆ ಯಾವ ರೋಗ ಕಾರಣ ಎಂಬುದು ಎರಡನೆಯ ಹೆಜ್ಜೆ. ಅದಕ್ಕೆ ಅಂಗರಚನೆಯ ಜ್ಞಾನ ಬೇಕು. ಕಂಡದ್ದು ಬೇರೆ, ಅದರಿಂದ ತೀರ್ಮಾನಿಸಿದ್ದು ಬೇರೆ ಎಂದು ನಾವು ಪ್ರಯೋಗದ ದಾಖಲೆ ಪುಸ್ತಕದಲ್ಲಿ ಬೇರ್ಪಡಿಸಿ ಬರೆಯಿಸುವುದಿಲ್ಲವೇ? ಅದೇ ಶಿಸ್ತು.

ತಟ್ಟಿದಾಗ ಬರುವ ಸದ್ದುಗಳನ್ನು ಸ್ಕೋಡಾ ನಾಲ್ಕು ಅಳತೆಗಳಲ್ಲಿ ಜೋಡಿಸಿದರು: ತುಂಬಿದ್ದರಿಂದ ಬರಿದಾದದ್ದಕ್ಕೆ, ಸ್ಪಷ್ಟದಿಂದ ಮಂದಕ್ಕೆ, ಡೋಲಿನಂಥದರಿಂದ ಡೋಲಿನಂತಲ್ಲದ್ದಕ್ಕೆ, ತಾರದಿಂದ ಮಂದ್ರಕ್ಕೆ. ಶವಗಳ ಮೇಲೆ ಪ್ರಯೋಗ ಮಾಡಿ ನೋಡಿದರು. ಪಕ್ಕದಲ್ಲೇ ರೋಕಿಟಾನ್‌ಸ್ಕಿ ಎಂಬ ಮಹಾ ಶವಪರೀಕ್ಷಕರಿದ್ದರು. ವಾರ್ಡಿನಲ್ಲಿ ಹೇಳಿದ್ದನ್ನು ಶವಾಗಾರದಲ್ಲಿ ತಾಳೆ ನೋಡುವುದು ವಿಯೆನ್ನಾದ ವಿದ್ಯಾರ್ಥಿಗಳಿಗೆ ನಿತ್ಯದ ಪಾಠವಾಯಿತು.

1846ರಲ್ಲಿ ಪ್ರಾಧ್ಯಾಪಕರಾದ ಬಳಿಕ ಸ್ಕೋಡಾ ಇನ್ನೊಂದು ಬದಲಾವಣೆ ಮಾಡಿದರು. ಲ್ಯಾಟಿನ್ ಬಿಟ್ಟು ಜರ್ಮನ್ ಭಾಷೆಯಲ್ಲಿ ಪಾಠ ಮಾಡತೊಡಗಿದರು. ಸದ್ದಿನ ಸೂಕ್ಷ್ಮ ವ್ಯತ್ಯಾಸಗಳನ್ನು ವಿದ್ಯಾರ್ಥಿ ತಾನು ದಿನವೂ ಆಡುವ ಮಾತಿನಲ್ಲಿ ಹೆಸರಿಸಬಲ್ಲ; ರೋಗಿ ನೋವನ್ನು ಹೇಳಿಕೊಳ್ಳುವುದೂ ಆ ಮಾತಿನಲ್ಲೇ. ಕನ್ನಡದಲ್ಲಿ ವಿಜ್ಞಾನ ಕಲಿಸುವ ನಮಗೆ ಇದು ನೆನಪಿಡಬೇಕಾದ ಸಂಗತಿ.

ಸದ್ದು ಬದಲಾಗುವುದೇಕೆ?

ಗಾಳಿ ತುಂಬಿದ ಶ್ವಾಸಕೋಶದ ಮೇಲಿರುವ ಎದೆಯ ಗೋಡೆ ತಟ್ಟಿದಾಗ ಸ್ವಲ್ಪ ಹೊತ್ತು ಕಂಪಿಸುತ್ತದೆ. ಹಿಂದೆ ದ್ರವವೋ ಘನವೋ ಇದ್ದರೆ ಗೋಡೆಗೆ ಭಾರ ಹೆಚ್ಚುತ್ತದೆ, ಕಂಪನದ ಶಕ್ತಿ ಬೇಗ ಹರಿದುಹೋಗುತ್ತದೆ. ಸದ್ದು ಮೊಟಕಾಗಿ ಮಂದವಾಗುತ್ತದೆ.

ಇನ್ನೊಂದು ವಿಷಯ ನಿಮ್ಮನ್ನು ಬೆರಗುಗೊಳಿಸಬಹುದು. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರು, ನೀರಿನಲ್ಲಿ ಸುಮಾರು 1,500 ಮೀಟರು. ಇವೆರಡರ ಮಿಶ್ರಣದಂತಿರುವ ಶ್ವಾಸಕೋಶದಲ್ಲಿ ಎಷ್ಟಿರಬೇಕು? ನಡುವಿನ ಒಂದು ಸಂಖ್ಯೆ ಎಂದು ನೀವು ಊಹಿಸಬಹುದು. ನಿಜವಾಗಿ ಅದು ಸೆಕೆಂಡಿಗೆ ಕೆಲವು ಹತ್ತು ಮೀಟರುಗಳಷ್ಟೇ! ಶ್ವಾಸಕೋಶ ನೊರೆಯಂಥ ವಸ್ತು. ಅದು ಗಾಳಿಯಷ್ಟು ಸುಲಭವಾಗಿ ಅದುಮಿಕೊಳ್ಳುತ್ತದೆ, ಆದರೆ ಸಾಂದ್ರತೆ ಗಾಳಿಗಿಂತ ನೂರಾರು ಪಟ್ಟು ಹೆಚ್ಚು. ವೇಗದ ಸೂತ್ರದಲ್ಲಿ ಈ ಎರಡನ್ನೂ ಹಾಕಿ ನೋಡಿ, ಉತ್ತರ ತಾನೇ ಬರುತ್ತದೆ. ಈ ನೊರೆ ಹೆಚ್ಚಿನ ಆವೃತ್ತಿಯ ಸದ್ದುಗಳನ್ನು ನುಂಗಿಬಿಡುತ್ತದೆ. ನ್ಯುಮೋನಿಯಾದಲ್ಲಿ ಶ್ವಾಸಕೋಶದ ಭಾಗವೊಂದು ಗಟ್ಟಿಯಾದಾಗ ಆ ಸದ್ದುಗಳೂ ದಾಟಿ ಬರುತ್ತವೆ. ಉಸಿರು ಒರಟಾಗಿ, ಮಾತು ಸ್ಪಷ್ಟವಾಗಿ ಸ್ಟೆತಾಸ್ಕೋಪಿಗೆ ಕೇಳಿಸುತ್ತದೆ. ಇದಕ್ಕೆ ಸ್ಕೋಡಾ ಅನುರಣನೆಯ ಕಾರಣ ಕೊಟ್ಟಿದ್ದರು. ಆ ವಿವರಣೆ ಉಳಿಯಲಿಲ್ಲ. ಭೌತವಿಜ್ಞಾನದಿಂದ ವಿವರಿಸಬೇಕು ಎಂಬ ಅವರ ದಾರಿ ಉಳಿಯಿತು.

ಸ್ಟೆತಾಸ್ಕೋಪ್ ಬೇಕೇ ಬೇಕು ಏಕೆ? ದೇಹದಿಂದ ತೆರೆದ ಗಾಳಿಗೆ ದಾಟುವಾಗ ಸದ್ದಿನ ಶಕ್ತಿಯಲ್ಲಿ ಸಾವಿರದಲ್ಲಿ ಒಂದು ಭಾಗದಷ್ಟು ಮಾತ್ರ ಹೊರಬರುತ್ತದೆ, ಉಳಿದದ್ದು ಪ್ರತಿಫಲಿಸುತ್ತದೆ. ಮೇಲಾಗಿ ಹೃದಯದ ಸದ್ದುಗಳ ಬಹುಪಾಲು 200 ಹರ್ಟ್ಸ್‌ಗಿಂತ ಕಡಿಮೆ ಆವೃತ್ತಿಯವು. 50 ಹರ್ಟ್ಸ್‌ನ ಸದ್ದು ನಮ್ಮ ಕಿವಿಗೆ ಕೇಳಿಸಬೇಕಾದರೆ ಅದರ ತೀವ್ರತೆ 1,000 ಹರ್ಟ್ಸ್‌ನ ಸದ್ದಿಗೆ ಬೇಕಾದದ್ದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚಿರಬೇಕು. ಅಂದರೆ ವಿದ್ಯಾರ್ಥಿ ಕೇಳಿಸಿಕೊಳ್ಳಬೇಕಾದ ಸದ್ದುಗಳು ಶ್ರವಣದ ಅಂಚಿನಲ್ಲೇ ಇವೆ. ಮೊದಲ ದಿನ ಏನೂ ಕೇಳಿಸದಿದ್ದರೆ ಅದು ದಡ್ಡತನವಲ್ಲ.

ನೀವೇ ಮಾಡಿ ನೋಡಿ

1. ಪ್ಲಾಸ್ಟಿಕ್ ಬಕೆಟ್ಟಿಗೆ ಅರ್ಧದಷ್ಟು ನೀರು ತುಂಬಿ. ವಿದ್ಯಾರ್ಥಿಯ ಕಣ್ಣಿಗೆ ಬಟ್ಟೆ ಕಟ್ಟಿ. ಬಕೆಟ್ಟಿನ ಹೊರಮೈಯನ್ನು ಮೇಲಿನಿಂದ ಕೆಳಕ್ಕೆ ತಟ್ಟುತ್ತ ನೀರಿನ ಮಟ್ಟ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲಿ. ಹತ್ತು ಮಂದಿ ತೋರಿಸಿದ ಮಟ್ಟಗಳನ್ನು ಅಳೆದು ಸರಾಸರಿಯನ್ನೂ ದೋಷವನ್ನೂ ಲೆಕ್ಕಹಾಕಿ. ಒಂದು ವಾರ ಅಭ್ಯಾಸ ಮಾಡಿಸಿ ಮತ್ತೆ ಅಳೆಯಿರಿ.

2. ನಿಮ್ಮ ತೊಡೆಯನ್ನೊಮ್ಮೆ, ಬಲ ಕೊರಳೆಲುಬಿನ ಕೆಳಗೊಮ್ಮೆ ತಟ್ಟಿ ಹೋಲಿಸಿ. ಎದೆಯ ಬಲಭಾಗದಲ್ಲಿ ಹಾಗೆಯೇ ಕೆಳಗಿಳಿಯಿರಿ. ಆರನೆಯ ಪಕ್ಕೆಲುಬಿನ ಸುಮಾರಿಗೆ ಸದ್ದು ಮಂದವಾಗುತ್ತದೆ. ಅಲ್ಲಿ ಒಳಗಿರುವುದು ಯಕೃತ್ತು. ದೀರ್ಘವಾಗಿ ಉಸಿರೆಳೆದು ಹಿಡಿದುಕೊಂಡರೆ ಈ ಗಡಿ ಕೆಳಕ್ಕೆ ಸರಿಯುತ್ತದೆ.

3. ಉದ್ದದ ಮರದ ಮೇಜಿನ ಒಂದು ತುದಿಯನ್ನು ಸೂಜಿಯಿಂದ ಗೀರಿ, ಇನ್ನೊಂದು ತುದಿಗೆ ಕಿವಿಯಿಟ್ಟು ಕೇಳಿ. ಲೆನೆಕ್‌ಗೆ ನೆನಪಾದದ್ದು ಇದೇ.

ರೋಗಿ ಪ್ರಯೋಗದ ವಸ್ತುವಲ್ಲ

ಸ್ಕೋಡಾ ಗಂಟೆಗಟ್ಟಲೆ ತಟ್ಟುವುದರಿಂದ ತಮಗೆ ಕಿರಿಕಿರಿಯಾಗುತ್ತಿದೆ ಎಂದು ರೋಗಿಗಳು ದೂರಿದರಂತೆ. ಅದಕ್ಕಾಗಿ ಅವರನ್ನು ಕೆಲಕಾಲ ಮಾನಸಿಕ ರೋಗಿಗಳ ವಾರ್ಡಿಗೆ ವರ್ಗ ಮಾಡಲಾಯಿತೆಂದು ಅವರ ಜೀವನಚರಿತ್ರೆಕಾರರು ಹೇಳುತ್ತಾರೆ. ರೋಗಿಗಳ ಕಡೆಯಿಂದ ನೋಡಿದರೆ ದೂರು ನ್ಯಾಯವೇ. ಕಲಿಯುವವರು ಹತ್ತು ಮಂದಿ, ಎದೆ ಒಂದು. ಅದೂ ನರಳುತ್ತಿರುವವರ ಎದೆ.

ಕೆನಡಾದಲ್ಲಿ ಹುಟ್ಟಿದ ವಿಲಿಯಂ ಆಸ್ಲರ್ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಸಂಸ್ಥೆಯಲ್ಲಿ ಇದಕ್ಕೆ ಒಂದು ಪರಿಹಾರ ತೋರಿಸಿದರು. ಅಲ್ಲಿನ ವೈದ್ಯ ಶಾಲೆ ಆರಂಭವಾದದ್ದು 1893ರಲ್ಲಿ. ಆಸ್ಲರ್ ವಿದ್ಯಾರ್ಥಿಗಳನ್ನು ವಾರ್ಡಿನ ಸಂದರ್ಶಕರಾಗಿ ಇರಿಸದೆ, ಅಲ್ಲಿನ ಕೆಲಸಗಾರರನ್ನಾಗಿ ಮಾಡಿದರು. ಪ್ರತಿ ವಿದ್ಯಾರ್ಥಿಗೂ ಕೆಲವು ರೋಗಿಗಳ ಹೊಣೆ. ಅವರ ಕತೆ ಕೇಳಿ, ಪರೀಕ್ಷಿಸಿ, ಬರೆದು, ದಿನವೂ ಹೋಗಿ ನೋಡಬೇಕು. ರೋಗಿಗೆ ವಿದ್ಯಾರ್ಥಿಯ ಮುಖ ಪರಿಚಯ, ವಿದ್ಯಾರ್ಥಿಗೆ ರೋಗಿಯ ಹೆಸರು ಪರಿಚಯ. ತಾವು ವಿದ್ಯಾರ್ಥಿಗಳಿಗೆ ವಾರ್ಡಿನಲ್ಲಿ ಪಾಠ ಹೇಳಿದವರು ಎಂಬುದಕ್ಕಿಂತ ದೊಡ್ಡ ಬಿರುದು ತಮಗೆ ಬೇಡವೆಂಬ ಅರ್ಥದ ಮಾತನ್ನು ಆಸ್ಲರ್ ಆಡಿದ್ದುಂಟು.

20ನೆಯ ಶತಮಾನ ಬೇರೆ ಪರಿಹಾರಗಳನ್ನೂ ತಂದಿತು. 1963ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನರರೋಗ ತಜ್ಞ ಹೋವರ್ಡ್ ಬ್ಯಾರೋಸ್ ಆರೋಗ್ಯವಂತರೊಬ್ಬರಿಗೆ ರೋಗಿಯ ಪಾತ್ರ ಕಲಿಸಿ, ವಿದ್ಯಾರ್ಥಿಗಳು ಅವರನ್ನು ಪರೀಕ್ಷಿಸುವ ವ್ಯವಸ್ಥೆ ಮಾಡಿದರು. ಎಲ್ಲ ವಿದ್ಯಾರ್ಥಿಗಳಿಗೂ ಒಂದೇ ರೋಗಿ, ಒಂದೇ ಲಕ್ಷಣ. ವಿದ್ಯಾರ್ಥಿ ಹೇಗೆ ಮುಟ್ಟಿದ, ಹೇಗೆ ಮಾತಾಡಿಸಿದ ಎಂದು ಆ 'ರೋಗಿ'ಯೇ ಕೊನೆಗೆ ಹೇಳಬಲ್ಲರು. 1968ರಲ್ಲಿ ಮಯಾಮಿಯ ಮೈಕೆಲ್ ಗಾರ್ಡನ್ ಹೃದಯದ ಸದ್ದು, ನಾಡಿ ಬಡಿತಗಳನ್ನು ಅನುಕರಿಸುವ ಗೊಂಬೆಯನ್ನು ಪ್ರದರ್ಶಿಸಿ, ಅದಕ್ಕೆ ತಮ್ಮ ಗುರು ಹಾರ್ವೆಯವರ ಹೆಸರಿಟ್ಟರು. 1975ರಲ್ಲಿ ಸ್ಕಾಟ್‌ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಹೊಸ ಬಗೆಯ ಪರೀಕ್ಷೆಯನ್ನು ರೂಪಿಸಿದರು. ವಿದ್ಯಾರ್ಥಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತ, ನಿಗದಿತ ನಿಮಿಷಗಳಲ್ಲಿ ಒಂದೊಂದು ಕೌಶಲವನ್ನು ಮಾಡಿ ತೋರಿಸಬೇಕು. ಪರೀಕ್ಷಕರು ಒಂದೇ ಪಟ್ಟಿಯಂತೆ ಎಲ್ಲರಿಗೂ ಅಂಕ ಕೊಡಬೇಕು. ಅದೃಷ್ಟದ ಪಾಲು ಇದರಿಂದ ಕಡಿಮೆಯಾಯಿತು.

ಮತ್ತೆ ಮರೆಯುತ್ತಿದ್ದೇವೆಯೇ?

ರಂಟ್‌ಗೆನ್ 1895ರಲ್ಲಿ ಎಕ್ಸ್-ಕಿರಣಗಳನ್ನು ಕಂಡುಹಿಡಿದ ಮೇಲೆ ಎದೆಗೂಡಿನೊಳಗೆ ನೋಡಲು ಬೇರೆ ದಾರಿಗಳು ತೆರೆದವು. ಅಲ್ಟ್ರಾಸೌಂಡ್, ಸಿ.ಟಿ. ಮತ್ತು ಎಂ.ಆರ್.ಐ. ಬಂದವು. ಇವೆಲ್ಲ ಭೌತವಿಜ್ಞಾನದ ಕೊಡುಗೆಗಳೇ. ತಟ್ಟಿ ತಿಳಿಯಲಾಗದಷ್ಟು ಕಡಿಮೆ ನೀರನ್ನೂ ಅಲ್ಟ್ರಾಸೌಂಡ್ ತೋರಿಸುತ್ತದೆ. ಹಳೆಯ ಲಕ್ಷಣಗಳಲ್ಲಿ ಯಾವುದು ನಂಬಲರ್ಹ, ಯಾವುದು ಅಲ್ಲ ಎಂದು ಜರಡಿ ಹಿಡಿಯುವ ಲೇಖನ ಮಾಲೆಯನ್ನು ಅಮೆರಿಕದ ವೈದ್ಯ ಸಂಘದ ಪತ್ರಿಕೆ 1992ರಲ್ಲಿ ಆರಂಭಿಸಿತು. ಕೆಲವು ಲಕ್ಷಣಗಳು ಜರಡಿಯಲ್ಲಿ ನಿಂತವು, ಕೆಲವು ಉದುರಿದವು. ವಿಜ್ಞಾನದಲ್ಲಿ ಹಾಗೆಯೇ ಆಗಬೇಕು.

ಆದರೆ ಇನ್ನೊಂದು ಬಗೆಯ ನಷ್ಟವೂ ಇದೆ. ಅದೇ ಪತ್ರಿಕೆಯಲ್ಲಿ 1997ರಲ್ಲಿ ಮ್ಯಾಂಜಿಯೋನೆ ಮತ್ತು ನೀಮನ್ ಪ್ರಕಟಿಸಿದ ಅಧ್ಯಯನವನ್ನು ನೋಡಿ. ತರಬೇತಿಯಲ್ಲಿದ್ದ 453 ಕಿರಿಯ ವೈದ್ಯರಿಗೂ 88 ವಿದ್ಯಾರ್ಥಿಗಳಿಗೂ ಧ್ವನಿಮುದ್ರಿಸಿದ 12 ಬಗೆಯ ಹೃದಯದ ಸದ್ದುಗಳನ್ನು ಕೇಳಿಸಿದರು. ಕಿರಿಯ ವೈದ್ಯರು ಸರಿಯಾಗಿ ಗುರುತಿಸಿದ್ದು ಶೇಕಡಾ 20ರಷ್ಟನ್ನು ಮಾತ್ರ. ತರಬೇತಿಯ ವರ್ಷಗಳು ಕಳೆದಂತೆ ಕೌಶಲ ಹೆಚ್ಚೇನೂ ಬೆಳೆದಿರಲಿಲ್ಲ. ಇದಕ್ಕೆ ಕಿವಿಯನ್ನು ದೂರುವಂತಿಲ್ಲ. 2004ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಪ್ರತಿಯೊಂದು ಹೃದಯದ ಮರ್ಮರ ಸದ್ದನ್ನೂ 500 ಬಾರಿ ಕೇಳಿಸಿದಾಗ ವಿದ್ಯಾರ್ಥಿಗಳ ಗುರುತಿಸುವ ಶಕ್ತಿ ಬಹಳಷ್ಟು ಹೆಚ್ಚಿತು. ಕಿವಿ ಕಲಿಯುತ್ತದೆ, ಕಲಿಸುವ ಏರ್ಪಾಡು ಬೇಕು.

ಹಾಗೆ ಕಲಿಸದೆ ಹೋದರೆ ತೊಂದರೆ ಯಾರಿಗೆ? ಒಂದು ಉದಾಹರಣೆ ಕೊಡುತ್ತೇನೆ. ಎದೆಯ ಒಂದು ಪಕ್ಕದಲ್ಲಿ ಉರಿಯುವ ನೋವೆಂದು ಒಬ್ಬರು ಬಂದರು ಎನ್ನಿ. ಇ.ಸಿ.ಜಿ., ರಕ್ತ ಪರೀಕ್ಷೆ, ಸ್ಕ್ಯಾನ್ ಎಲ್ಲವನ್ನೂ ಬರೆದುಕೊಡಬಹುದು. ಅಂಗಿಯೆತ್ತಿ ನೋಡಿದ್ದರೆ ಪಕ್ಕೆಲುಬಿನ ಗುಂಟ ಸಾಲಾಗಿ ಎದ್ದ ಸರ್ಪಸುತ್ತಿನ ಗುಳ್ಳೆಗಳು ಮೊದಲ ನಿಮಿಷದಲ್ಲೇ ಕಾಣುತ್ತಿದ್ದವು. ಯಂತ್ರವನ್ನು ಎಲ್ಲಿಗೆ ಗುರಿಯಿಡಬೇಕು, ಯಾವ ಯಂತ್ರ ಬೇಕು, ಯಂತ್ರವೇ ಬೇಡವೇ ಎಂಬುದನ್ನು ತೀರ್ಮಾನಿಸುವುದು ಆ ಮೊದಲ ಪರೀಕ್ಷೆ. ಸ್ಕ್ಯಾನ್ ಯಂತ್ರ ನೂರು ಕಿಲೋಮೀಟರು ದೂರದಲ್ಲಿರುವ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗಂತೂ ತಮ್ಮ ಕಣ್ಣು, ಕೈ, ಕಿವಿಗಳೇ ಪ್ರಯೋಗಶಾಲೆ.

ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಅಮೆರಿಕದಲ್ಲಿ ಪ್ರಾಧ್ಯಾಪಕರಾಗಿರುವ ಅಬ್ರಹಾಂ ವರ್ಗೀಸ್ ಈ ಕುರಿತು ಬಹಳ ಬರೆದಿದ್ದಾರೆ. ವೈದ್ಯರು ಕಂಪ್ಯೂಟರಿನೊಳಗಿನ ರೋಗಿಯನ್ನು ನೋಡುತ್ತ ಹಾಸಿಗೆಯ ಮೇಲಿನ ರೋಗಿಯನ್ನು ಮರೆಯುತ್ತಿದ್ದಾರೆ ಎಂಬುದು ಅವರ ಆತಂಕ. ಹಾಸಿಗೆಯ ಪಕ್ಕ ಕಲಿಯಲೇಬೇಕಾದ 25 ಪರೀಕ್ಷೆಗಳನ್ನು ಆಯ್ದು ಕಲಿಸುವ ಕಾರ್ಯಕ್ರಮವನ್ನು ಅವರೂ ಅವರ ಸಹೋದ್ಯೋಗಿಗಳೂ ಸ್ಟ್ಯಾನ್‌ಫರ್ಡ್‌ನಲ್ಲಿ ಆರಂಭಿಸಿದರು.

ನಮ್ಮ ದೇಶದಲ್ಲಿ 2019ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ಎಂ.ಬಿ.ಬಿ.ಎಸ್. ಶಿಕ್ಷಣಕ್ಕೆ ಹೊಸ ಪಠ್ಯಕ್ರಮ ತಂದಿತು. ವಿದ್ಯಾರ್ಥಿ ಏನು ಓದಿದ್ದಾನೆ ಎಂಬುದರ ಜೊತೆಗೆ ಏನನ್ನು ಮಾಡಬಲ್ಲ ಎಂಬುದಕ್ಕೂ ಇದರಲ್ಲಿ ಒತ್ತು. ಕೌಶಲ ಪ್ರಯೋಗಾಲಯಗಳು, ರೋಗಿಯೊಂದಿಗಿನ ನಡವಳಿಕೆಯ ಪಾಠಗಳು ಸೇರಿವೆ. ಆರಂಭದ ತರಗತಿಗಳಲ್ಲಿ ಸ್ಥಳೀಯ ಭಾಷೆಯ ಕಲಿಕೆಗೂ ಜಾಗವಿದೆ. ಹೊರರಾಜ್ಯದಿಂದ ಕರ್ನಾಟಕಕ್ಕೆ ಬಂದು ಓದುವವರು 'ಎದೆ ಹಿಡಿದಂಗಾಗ್ತದೆ', 'ಉಬ್ಬಸ', 'ಚಳುಕು' ಎಂಬ ಮಾತುಗಳನ್ನು ಅರಿಯದಿದ್ದರೆ ಸ್ಟೆತಾಸ್ಕೋಪ್ ಎಲ್ಲಿಡಬೇಕೆಂದು ತಿಳಿಯುವುದು ಹೇಗೆ? 2020ರಲ್ಲಿ ಪರಿಷತ್ತಿನ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗವೂ ಇದೇ ದಾರಿಯಲ್ಲಿ ಮುಂದುವರಿದಿದೆ. ನಿಯಮಗಳು ವಾರ್ಡಿನಲ್ಲಿ ಪಾಠವಾಗುವುದು ಮಾತ್ರ ಅಲ್ಲಿ ನಿಲ್ಲುವ ಅಧ್ಯಾಪಕರಿಂದ. ರೋಗಿಗಳ ಸಂದಣಿ, ಅಧ್ಯಾಪಕರ ಕೊರತೆ, ಪ್ರವೇಶ ಪರೀಕ್ಷೆಗಳಿಗಾಗಿ ಪುಸ್ತಕದ ಮೇಲೆಯೇ ಇರುವ ಕಣ್ಣು, ಇವುಗಳ ನಡುವೆ ಆ ಪಾಠಕ್ಕೆ ಸಮಯ ಮಾಡಿಕೊಳ್ಳಬೇಕಿದೆ.

ಒಂದು ಅನುಕೂಲವನ್ನು ಹೇಳಲೇಬೇಕು. ಔಯೆನ್‌ಬ್ರುಗರ್, ಲೆನೆಕ್, ಸ್ಕೋಡಾ ತಮ್ಮ ಕಿವಿಯನ್ನು ತಾಳೆ ನೋಡಲು ಬಹುಮಟ್ಟಿಗೆ ರೋಗಿಯ ಸಾವಿಗಾಗಿ ಕಾಯಬೇಕಿತ್ತು. ಇಂದಿನ ವಿದ್ಯಾರ್ಥಿ ಮರ್ಮರವನ್ನು ಕೇಳಿ, ತನ್ನ ಊಹೆಯನ್ನು ಬರೆದಿಟ್ಟು, ಐದು ನಿಮಿಷದಲ್ಲಿ ಅಲ್ಟ್ರಾಸೌಂಡ್ ಪರದೆಯ ಮೇಲೆ ಹೃದಯದ ಕವಾಟವನ್ನೇ ನೋಡಬಹುದು. ರೋಗಿ ಜೀವಂತವಾಗಿದ್ದು, ಅದರ ಪ್ರಯೋಜನವನ್ನೂ ಪಡೆಯುತ್ತಾರೆ. ಯಂತ್ರ ಹೀಗೆ ಕಿವಿಗೆ ಅಂಶಾಂಕನದ ಸಾಧನವಾಗಬಲ್ಲದು. ಮೊದಲು ಯಂತ್ರದ ವರದಿ, ಆಮೇಲೆ ರೋಗಿ ಎಂಬ ಕ್ರಮವನ್ನು ತಿರುಗಿಸಿ, ಮೊದಲು ರೋಗಿ, ಆಮೇಲೆ ವರದಿ ಎಂದು ಕಲಿಸಿದರೆ ಸಾಕು.

ಅಧ್ಯಾಪಕ ಮಿತ್ರರೇ, ನಿಮ್ಮ ತರಗತಿಯಿಂದ ನಾಳೆ ಕೆಲವರು ವೈದ್ಯಕೀಯ ಕಾಲೇಜಿಗೆ ಹೋಗುತ್ತಾರೆ. ಧ್ವನಿಯ ಪಾಠ ಮಾಡುವಾಗ ಶ್ರುತಿಕವೆಯ ಜೊತೆಗೆ ಒಂದು ಬಕೆಟ್ ನೀರನ್ನೂ ತರಗತಿಗೆ ತನ್ನಿ. ಕಣ್ಣುಕಟ್ಟಿಕೊಂಡು ನೀರಿನ ಮಟ್ಟವನ್ನು ಬೆರಳಿನಿಂದ ಹುಡುಕಿದ ವಿದ್ಯಾರ್ಥಿಗೆ ಕೇಳುವುದು ಕೂಡ ಕಲಿಯಬೇಕಾದ ವಿದ್ಯೆ ಎಂಬುದು ಅಲ್ಲಿಯೇ ತಿಳಿಯುತ್ತದೆ.